ರೊಟ್ಟಿ ನಮಗೆ, ಕಣಕಿ ಎತ್ತಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ನಮ್ಮ ಮೈ, ಎತ್ತಿನ ಮೈ, ಹೊಲದ ಜೋಳ, ಮೊಸರಿನೊಳಗಿನ ಸೂಕ್ಷ್ಮಜೀವಿ, ಎಲ್ಲಕ್ಕೂ ನಾಲ್ಕೇ ಬಗೆಯ ದೊಡ್ಡ ಅಣುಗಳು ಮೂಲ ಸಾಮಾನು, ಜೊತೆಗೆ ನೀರು ಮತ್ತು ಚೂರುಪಾರು ಲವಣ ಅಂತ. ಅದರ ನಡುವೆ ಸುಮ್ನೆ ಒಂದು ಸಾಲು, ಜೋಳದ ಕಾಳಿನಲ್ಲೂ, ಒಣಗಿದ ಮೇಲೆ ಕಣಕಿ ಅನ್ನುವ ಅದರ ದಂಟಿನಲ್ಲೂ ಇರುವುದು ಗ್ಲೂಕೋಸ್ ಎಂಬ ಸಕ್ಕರೆಯೇ ಅಂತಲೂ ಸೇರಿಸಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿದ್ದೇನೆ. ಒಂದೆರಡರಲ್ಲಿ ನನ್ನನ್ನು ಬೈದಿದ್ದರು, ಅವನ್ನು ಜಾಗ ಸಾಲದೆ ಬಿಟ್ಟಿದ್ದೇನೆ ಅಂತ ತಿಳಿದುಕೊಳ್ಳಿ.

ಪ್ರಶ್ನೆ: ಕಾಳಿನಲ್ಲೂ ಗ್ಲೂಕೋಸ್, ಕಣಕಿಯಲ್ಲೂ ಗ್ಲೂಕೋಸ್ ಅಂತೀರಿ. ಹಾಗಾದರೆ ಬರಗಾಲದಾಗ ನಾವೂ ಕಣಕಿ ಬೀಸಿ ರೊಟ್ಟಿ ಮಾಡಿ ತಿನ್ನಬಹುದಲ್ರೀ? ಎತ್ತಿಗೆ ಆಗುವುದು ನಮಗೆ ಯಾಕೆ ಆಗುವುದಿಲ್ಲ?
(ರೈತರೊಬ್ಬರು, ನವಲಗುಂದ ತಾಲ್ಲೂಕು)

ಉತ್ತರ: ತಿನ್ನಬಹುದು ಯಜಮಾನರೇ, ಹೊಟ್ಟೆಯೂ ತುಂಬುತ್ತದೆ. ಆದರೆ ಮೈಗೆ ಹತ್ತುವುದಿಲ್ಲ. ತಿಂದದ್ದು ಬಹುಪಾಲು ತಿಂದ ಹಾಗೇ ಮರುದಿನ ಹೊರಗೆ ಹೋಗುತ್ತದೆ.

ನಿಮ್ಮದು ಗಟ್ಟಿ ಪ್ರಶ್ನೆ. ಜೋಳದ ಎಲೆ ಬಿಸಿಲಿನ ಬಲದಿಂದ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಬೇರು ಎಳೆದುಕೊಟ್ಟ ನೀರನ್ನೂ ಕೂಡಿಸಿ ಗ್ಲೂಕೋಸ್ ಮಾಡುತ್ತದೆ. ಒಂದು ಗ್ಲೂಕೋಸ್ ಅಣುವಿನಲ್ಲಿ ಇಂಗಾಲದ 6, ಜಲಜನಕದ 12, ಆಮ್ಲಜನಕದ 6 ಪರಮಾಣು, ಅಷ್ಟೇ. ಗಿಡ ಅದರಲ್ಲಿ ಒಂದಷ್ಟನ್ನು ತೆನೆಗೆ ಕಳಿಸುತ್ತದೆ, ಊರಿಗೆ ಹೊರಟ ಮಗಳಿಗೆ ಬುತ್ತಿ ಕಟ್ಟಿದ ಹಾಗೆ. ನಾಳೆ ಕಾಳು ಮೊಳೆತಾಗ ಸಸಿಗೆ ಮೊದಲ ನಾಲ್ಕು ದಿನ ಊಟ ಬೇಕಲ್ಲ, ಅದಕ್ಕೆ. ಆ ಬುತ್ತಿಗೆ ಪಿಷ್ಟ ಅಂತ ಹೆಸರು. ಇನ್ನೊಂದಷ್ಟು ಗ್ಲೂಕೋಸ್ ದಂಟು ನಿಲ್ಲಿಸುವುದಕ್ಕೆ ಹೋಗುತ್ತದೆ. ಆಳೆತ್ತರದ ಹಿಂಗಾರಿ ಜೋಳ ಗಾಳಿಗೆ ಮಲಗಬಾರದಲ್ಲ. ಅದು ಸೆಲ್ಯುಲೋಸ್. ಬುತ್ತಿ ಬೇಗ ಬಿಚ್ಚಬೇಕು, ಮನೆಯ ತೊಲೆ ಮಾತ್ರ ಬಿಚ್ಚಲೇಬಾರದು. ಗಿಡದ ಲೆಕ್ಕಾಚಾರ ಇಷ್ಟು.

ಸಾಮಾನು ಒಂದೇ ಇಟ್ಟುಕೊಂಡು ಎರಡು ಥರ ಮಾಡುವುದು ಹೇಗೆ? ಪೋಣಿಸುವುದರಲ್ಲಿ. ಪಿಷ್ಟದಲ್ಲಿ ಗ್ಲೂಕೋಸ್‌ಗಳು ಎಲ್ಲವೂ ಒಂದೇ ಕಡೆ ಮುಖ ಮಾಡಿ ಸಾಲಾಗಿರುತ್ತವೆ, ಹಾಗಾಗಿ ಸರ ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತದೆ, ಸುರುಳಿಯ ಸಂದಿಗೆ ನೀರು ನುಗ್ಗುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಮೇಲೆ ಮುಖ ಮಾಡಿದರೆ ಪಕ್ಕದ್ದು ಕೆಳಗೆ. ಹಾಗೆ ಪೋಣಿಸಿದ ಸರ ನೆಟ್ಟಗೆ ನಿಲ್ಲುತ್ತದೆ, ನೆಟ್ಟಗಿನ ಸರಗಳು ಒಂದಕ್ಕೊಂದು ಒತ್ತಿ ಅಂಟಿಕೊಂಡು ಹಗ್ಗದ ಹುರಿಯಂತೆ ಬಿಗಿಯುತ್ತವೆ, ನೀರಿಗೂ ಒಳಗೆ ಜಾಗ ಸಿಗುವುದಿಲ್ಲ. 1838ರಲ್ಲಿ ಫ್ರಾನ್ಸಿನ ಅನ್ಸೆಲ್ಮ್ ಪಾಯೆನ್ ಗಿಡಗಳಿಂದ ಈ ವಸ್ತುವನ್ನು ಬೇರ್ಪಡಿಸಿ ನೋಡಿದಾಗ ಲೆಕ್ಕ ಪಿಷ್ಟದ್ದೇ ಬಂತು. ಅದೇ ಪ್ರಮಾಣದ ಇಂಗಾಲ, ಅದೇ ಜಲಜನಕ, ಅದೇ ಆಮ್ಲಜನಕ. ಸೆಲ್ಯುಲೋಸ್ ಅಂತ ಹೆಸರು ಬಂದದ್ದು ಆಗಲೇ.

ನಮ್ಮ ಎಂಜಲಿನಲ್ಲಿ ಅಮೈಲೇಸ್ ಅಂತ ಒಂದು ಕಿಣ್ವ ಇದೆ. ಕಿಣ್ವ ಅಂದರೆ ಒಂದೇ ಕೆಲಸ ಕಲಿತ ಆಳು, ಬೇರೆ ಕೆಲಸ ಹೇಳಿದರೆ ಮಾಡುವುದಿಲ್ಲ. ಅಮೈಲೇಸಿಗೆ ಪಿಷ್ಟದ ಗಂಟು ಬಿಚ್ಚುವುದು ಗೊತ್ತು. ಇವತ್ತು ಊಟಕ್ಕೆ ಕೂತಾಗ ಪಲ್ಯ ಹಚ್ಚದೆ ಬರೀ ರೊಟ್ಟಿಯ ಒಂದು ತುತ್ತನ್ನು ಎರಡು ನಿಮಿಷ ಅಗಿಯಿರಿ, ನುಂಗಬೇಡಿ. ಮೆಲ್ಲಗೆ ಸಿಹಿ ಹತ್ತುತ್ತದೆ. ಅಮೈಲೇಸ್ ಬಾಯಲ್ಲೇ ಕೆಲಸ ಶುರು ಮಾಡಿದೆ ಅಂತ ಅರ್ಥ. ಕಣಕಿಯನ್ನು ದಿನವಿಡೀ ಅಗಿದರೂ ಸೆಲ್ಯುಲೋಸಿನಿಂದ ಆ ಸಿಹಿ ಬರುವುದಿಲ್ಲ, ಯಾಕಂದರೆ ಆ ಗಂಟು ಬಿಚ್ಚುವ ಕಿಣ್ವ ಮನುಷ್ಯರಲ್ಲಿ ಇಲ್ಲವೇ ಇಲ್ಲ.

ಮಜಾ ಏನಂದರೆ ಎತ್ತಿಗೂ ಇಲ್ಲ! ಅದರ ಹೊಟ್ಟೆಯ ಮೊದಲ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿರುತ್ತವೆ. ದೊಡ್ಡ ಆಕಳಿನಲ್ಲಿ ಆ ಚೀಲ ಸುಮಾರು ನೂರು ಲೀಟರ್ ಹಿಡಿಯುತ್ತದೆ. ಕಣಕಿ ಒಡೆಯುವವರು ಅವರು. ಎತ್ತು ಮಾಡುವುದು ಮೆಲುಕು ಹಾಕಿ ಸಣ್ಣ ಮಾಡಿಕೊಡುವುದು, ಅವರು ಒಡೆದು ಬಿಟ್ಟದ್ದನ್ನು ಹೀರಿಕೊಳ್ಳುವುದು. ನೀವು ಬಣವೆಯಿಂದ ಹಿರಿದು ಹಾಕುವ ಕಣಕಿ ಎತ್ತಿಗಿಂತ ಮೊದಲು ಆ ಹುಳುಗಳ ಊಟ.

ಇನ್ನೊಂದು ವಿಷಯ. ಹತ್ತಿ ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್, ನೂರಕ್ಕೆ ತೊಂಬತ್ತರ ಮೇಲೆ. ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರಲ್ಲ, ಆ ಬಟ್ಟೆಯೂ ನೀವು ಉಟ್ಟ ಧೋತರವೂ ನಿಮ್ಮ ತಾಟಿನ ರೊಟ್ಟಿಯೂ ಗ್ಲೂಕೋಸಿನ ಲೆಕ್ಕದಲ್ಲಿ ಅಣ್ಣತಮ್ಮಂದಿರು. ಮಳೆಗೆ ಧೋತರ ಕರಗಿ ಅಂಬಲಿ ಆಗುವುದಿಲ್ಲ ಅನ್ನುವುದಕ್ಕೆ ಆ ಮೇಲೆ-ಕೆಳಗೆ ಪೋಣಿಸಿದ್ದೇ ಕಾರಣ.

ಪ್ರಶ್ನೆ: ಸರ್, ನಾನು ಪಿಯುಸಿ ಮೊದಲ ವರ್ಷ. ಕಾರ್ಬೋಹೈಡ್ರೇಟ್, ಪ್ರೋಟೀನ್, ಲಿಪಿಡ್, ನ್ಯೂಕ್ಲಿಕ್ ಆಮ್ಲ, ಈ ಪಾಠ ಎಷ್ಟು ಓದಿದರೂ ಮರೆಯುತ್ತದೆ. ನೆನಪಿಡಲು ಸುಲಭ ದಾರಿ ಇದ್ದರೆ ಹೇಳಿ.
(ವಿದ್ಯಾರ್ಥಿನಿ, ಗದಗ)

ಉತ್ತರ: ತಂಗಿ, ಪುಸ್ತಕ ಮುಚ್ಚಿ ಒಂದು ಪ್ಲೇಟ್ ಗಿರ್ಮಿಟ್ ತಗೋ. ತಮಾಷೆ ಮಾಡುತ್ತಿಲ್ಲ.

ಚುರುಮುರಿ ಅಂದರೆ ಅಕ್ಕಿಯ ಪಿಷ್ಟ, ಕಾರ್ಬೋಹೈಡ್ರೇಟ್. ಅದರ ಸಣ್ಣ ತುಂಡು ಗ್ಲೂಕೋಸ್. ಹುಣಸೆ ನೀರಿಗೆ ಹಾಕಿದ ಬೆಲ್ಲವೂ ಇದೇ ಮನೆತನ. ಮೇಲೆ ಉದುರಿಸಿದ ಪುಟಾಣಿ ಹಿಟ್ಟಿನಲ್ಲಿ ಪ್ರೋಟೀನ್ ಚೆನ್ನಾಗಿದೆ, ಅದರ ಸಣ್ಣ ತುಂಡು ಅಮೈನೊ ಆಮ್ಲ. ಒಗ್ಗರಣೆಯ ಎಣ್ಣೆ ಲಿಪಿಡ್, ಅಂದರೆ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನ ಆಮ್ಲ ಜೋತುಬಿದ್ದದ್ದು. ನಾಲ್ಕನೆಯದು ಎಲ್ಲಿ ಅಂತೀಯಾ? ಹಸಿ ಉಳ್ಳಾಗಡ್ಡಿ ಇದೆಯಲ್ಲ, ಅದರ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಇದೆ. ಕೊತ್ತಂಬರಿ ಸೊಪ್ಪಿನಲ್ಲೂ ಇದೆ. ಅದು ನ್ಯೂಕ್ಲಿಕ್ ಆಮ್ಲ, ಅದರ ತುಂಡಿಗೆ ನ್ಯೂಕ್ಲಿಯೊಟೈಡ್ ಅಂತ ಹೆಸರು. ಪಕ್ಕಕ್ಕೆ ಮಿರ್ಚಿ ಬೇಕೇ ಬೇಕು, ಅದು ಪರೀಕ್ಷೆಗೆ ಬರುವುದಿಲ್ಲ.

ಈಗ ಕೆಲಸ ನೋಡು. ಕಾರ್ಬೋಹೈಡ್ರೇಟ್ ಕೈಯಲ್ಲಿರುವ ದುಡ್ಡು, ಬೇಕಾದಾಗ ಖರ್ಚಿಗೆ ಸಿಗುತ್ತದೆ. ಕೊಬ್ಬು ಬ್ಯಾಂಕಿನಲ್ಲಿಟ್ಟದ್ದು. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೋಕ್ಯಾಲರಿ ಬಂದರೆ ಒಂದು ಗ್ರಾಂ ಕೊಬ್ಬಿನಿಂದ 9 ಬರುತ್ತದೆ, ಅದಕ್ಕೇ ಮೈ ಉಳಿಸಿಡುವಾಗ ಕೊಬ್ಬನ್ನೇ ಆರಿಸುತ್ತದೆ. ಅದು ಬರೀ ಉಳಿತಾಯವೂ ಅಲ್ಲ, ಪ್ರತಿ ಜೀವಕೋಶದ ಸುತ್ತಲಿನ ತೆಳು ಪೊರೆ ಮುಖ್ಯವಾಗಿ ಲಿಪಿಡಿನದೇ. ಡಿಎನ್‌ಎ ಬರೆದಿಟ್ಟ ಲೆಕ್ಕದ ಪುಸ್ತಕ, ಅದರಲ್ಲಿ ನಾಲ್ಕೇ ಅಕ್ಷರ. ಆ ನಾಲ್ಕು ಅಕ್ಷರ ಮೂರು ಮೂರರಂತೆ ಸೇರಿ ಯಾವ ಅಮೈನೊ ಆಮ್ಲದ ಹೆಸರು ಹೇಳುತ್ತವೆ ಅಂತ ಬಿಡಿಸಿದವರಲ್ಲಿ ಒಬ್ಬರು ನಮ್ಮ ಹರಗೋಬಿಂದ್ ಖುರಾನಾ, 1968ರಲ್ಲಿ ಅದಕ್ಕೇ ನೊಬೆಲ್ ಬಂತು.

ಪ್ರೋಟೀನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ನನಗೆ ಅದು ಇಷ್ಟ. ಅಮೈನೊ ಆಮ್ಲಗಳು ಇರುವುದು 20. ನಮ್ಮ ವರ್ಣಮಾಲೆಗಿಂತ ಕಡಿಮೆ. ಅವನ್ನೇ ಹಿಂದೆ ಮುಂದೆ ಮಾಡಿ ಪೋಣಿಸಿದರೆ ಉಗುರು, ಕೂದಲು, ಎಂಜಲಿನ ಅಮೈಲೇಸ್, ಎಲ್ಲ ತಯಾರು. ಇನ್ಸುಲಿನ್‌ನಲ್ಲಿ 51 ಇವೆ, ರಕ್ತದ ಹಿಮೋಗ್ಲೋಬಿನ್‌ನಲ್ಲಿ 574. ಹಿಮೋಗ್ಲೋಬಿನ್ನಿನ ಬೀಟಾ ಎಂಬ ಸರದಲ್ಲಿ ಆರನೆಯ ಮಣಿ ಗ್ಲುಟಾಮಿಕ್ ಆಮ್ಲ. ಅಲ್ಲಿ ವ್ಯಾಲಿನ್ ಬಂದು ಕೂತರೆ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ, ಕುಡುಗೋಲು ರಕ್ತಹೀನತೆ ಅನ್ನುವ ಕಾಯಿಲೆ ಅದೇ. ಒಂದೇ ಒಂದು ಮಣಿ ಬದಲಾದದ್ದಕ್ಕೆ! ಚರ್ಮ, ಎಲುಬು, ಸ್ನಾಯುತಂತುವಿನಲ್ಲಿರುವ ಕೊಲಾಜೆನ್ ಮೂರು ಎಳೆ ಹುರಿ ಮಾಡಿದ ಹಗ್ಗದಂತಿದೆ ಅಂತ 1954ರಲ್ಲಿ ಮದ್ರಾಸಿನಲ್ಲಿ ಕೂತು ತೋರಿಸಿದವರು ಜಿ.ಎನ್. ರಾಮಚಂದ್ರನ್, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಪರೀಕ್ಷೆಯಲ್ಲಿ ಕೇಳಲಿ ಬಿಡಲಿ, ಆ ಹೆಸರು ಗೊತ್ತಿರಲಿ.

ನಾಲ್ಕೂ ಹೇಳಿ ನೀರು ಬಿಟ್ಟುಬಿಡಬೇಡ. ದೊಡ್ಡವರ ಮೈತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ನೀರೇ. 60 ಕಿಲೋ ಮನುಷ್ಯನಲ್ಲಿ 36 ಲೀಟರ್, ಎರಡು ಕೊಡಕ್ಕೂ ಜಾಸ್ತಿ. ನಳದ ನೀರು ಯಾವತ್ತು ಬರುತ್ತದೆ ಅಂತ ಕಾಯುವ ನಮಗೆ ಈ ಲೆಕ್ಕ ಬೇಗ ತಲೆಗೆ ಹೋಗುತ್ತದೆ.

ಪ್ರಶ್ನೆ: ಗೋಧಿ ಹಿಟ್ಟು ತಣ್ಣೀರಿನಲ್ಲಿ ನಾದಿದರೂ ಚಪಾತಿ ಬರುತ್ತದೆ. ಜೋಳದ ಹಿಟ್ಟಿಗೆ ಮಾತ್ರ ಕುದಿಯುವ ನೀರೇ ಯಾಕೆ? ಬೆಂಗಳೂರಿನಿಂದ ಬಂದ ಸೊಸೆ ಕೇಳಿದಳು. ಮೂವತ್ತು ವರ್ಷದಿಂದ ರೊಟ್ಟಿ ಬಡಿಯುತ್ತೇನೆ, ಉತ್ತರ ಮಾತ್ರ ಗೊತ್ತಿರಲಿಲ್ಲ.
(ಗೃಹಿಣಿ, ಧಾರವಾಡ)

ಉತ್ತರ: ಅಕ್ಕಾರೆ, ನಿಮ್ಮ ಕೈಗೆ ಗೊತ್ತಿದೆ, ಅದೇ ದೊಡ್ಡದು. ಹೆಸರುಗಳನ್ನಷ್ಟೇ ನಾನು ಹೇಳುತ್ತೇನೆ.

ಗೋಧಿಯಲ್ಲಿ ಗ್ಲಯಾಡಿನ್, ಗ್ಲುಟೆನಿನ್ ಅಂತ ಎರಡು ಪ್ರೋಟೀನ್ ಇವೆ. ನೀರು ಬಿದ್ದು ಕೈ ಆಡಿದ ಕೂಡಲೇ ಇವೆರಡೂ ಸೇರಿ ಗ್ಲುಟನ್ ಎಂಬ ಬಲೆ ಹೆಣೆಯುತ್ತವೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಹಾಗಾಗಿ ಲಟ್ಟಣಿಗೆ ಮಾತು ಕೇಳುತ್ತದೆ. ಜೋಳದಲ್ಲೂ ಪ್ರೋಟೀನ್ ಇದೆ, ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ಆದರೆ ಅದರಲ್ಲಿ ಬಹುಪಾಲು ಕಾಫಿರಿನ್ ಅನ್ನುವ ಜಾತಿಯದು, ಸಣ್ಣ ಸಣ್ಣ ಉಂಡೆಯಾಗಿ ಮುದುರಿಕೊಂಡು ಕೂತಿರುತ್ತದೆ, ಎಷ್ಟು ನಾದಿದರೂ ಬಲೆ ಹೆಣೆಯುವುದಿಲ್ಲ.

ಪ್ರೋಟೀನ್ ಕೈಕೊಟ್ಟ ಮೇಲೆ ಪಿಷ್ಟವನ್ನೇ ಕರೆಯಬೇಕು. ತಣ್ಣೀರಿನಲ್ಲಿ ಪಿಷ್ಟದ ಕಾಳು ಬಾಯಿ ಬಿಡುವುದಿಲ್ಲ. ಸುಮಾರು 70 ಡಿಗ್ರಿ ಕಾವು ತಾಗಿದರೆ ನೀರು ಕುಡಿದು ಉಬ್ಬಿ ಒಡೆದು ಅಂಟಾಗುತ್ತದೆ. ನಮ್ಮವ್ವ ಪರಾತದಲ್ಲಿ ಹಿಟ್ಟಿನ ನಡುವೆ ಕುಳಿ ಮಾಡಿ, ಕೊತಕೊತ ಕುದಿಯುವ ಎಸರನ್ನು ಆ ಕುಳಿಗಷ್ಟೇ ಸುರಿದು, ಚಮಚದ ಹಿಂಬದಿಯಿಂದ ತಿರುವಿ, ಮೇಲೆ ಒಣ ಹಿಟ್ಟು ಮುಚ್ಚಿ ಒಂದು ಗಳಿಗೆ ಬಿಡುತ್ತಿದ್ದಳು. ಆಮೇಲೆ ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ಅಂಗೈಯ ಬುಡದಿಂದ ಮಿದಿಯುತ್ತಿದ್ದಳು. ಎಲ್ಲ ಹಿಟ್ಟೂ ಬೇಯಬಾರದು ಅನ್ನುವುದು ಇಲ್ಲಿಯ ಗುಟ್ಟು. ಒಂದಷ್ಟು ಬೆಂದು ಅಂಟಾಗುತ್ತದೆ, ಉಳಿದ ಹಸಿ ಹಿಟ್ಟನ್ನು ಅದು ಹಿಡಿದುಕೊಳ್ಳುತ್ತದೆ. ಪೂರ್ತಿ ಬೇಯಿಸಿದರೆ ಮುದ್ದೆ, ಬೇಯಿಸದೇ ಇದ್ದರೆ ಪುಡಿ. ನಾನು ಹುಬ್ಬಳ್ಳಿಯಲ್ಲಿ ರೂಮ್ ಮಾಡಿಕೊಂಡಿದ್ದಾಗ ಅವಸರಕ್ಕೆ ಉಗುರುಬೆಚ್ಚಗಿನ ನೀರು ಹಾಕಿ ತಟ್ಟಿದೆ. ಅಂಚು ಸೀಳಿ, ನಡುವೆ ಬಿರುಕು ಬಿಟ್ಟು, ಹೆಂಚಿಗೆ ಹಾಕುವಷ್ಟರಲ್ಲಿ ಮೂರು ತುಂಡು. ಅವತ್ತು ರೂಮ್‌ಮೇಟ್ ಅದಕ್ಕೆ ಶೇಂಗಾ ಹಿಂಡಿ ಕಲೆಸಿ ಉಪ್ಪಿಟ್ಟು ಅಂತ ತಿಂದ.

ಸೊಸೆಗೆ ಇನ್ನೊಂದು ಹೇಳಿ. ನಾವೇ ಮಾಡಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಅಮೈನೊ ಆಮ್ಲಗಳು 9. ಅದರಲ್ಲಿ ಲೈಸಿನ್ ಅನ್ನುವುದು ಜೋಳದಲ್ಲಿ ತೀರಾ ಕಡಿಮೆ. ಬೇಳೆಕಾಳಿನಲ್ಲಿ ಅದು ಧಾರಾಳ, ಆದರೆ ಅಲ್ಲಿ ಮೆಥಿಯೊನಿನ್ ಕಡಿಮೆ, ಅದು ಜೋಳದಲ್ಲಿ ಪರವಾಗಿಲ್ಲ. ರೊಟ್ಟಿ ಜೊತೆ ಮಡಿಕೆಕಾಳು ಪಲ್ಯ ಅಥವಾ ಝುಣಕ ಇದ್ದರೆ ಇದರ ಕೊರತೆ ಅದು ತುಂಬುತ್ತದೆ. ಬರೀ ರೊಟ್ಟಿ, ಖಾರ, ಎಣ್ಣೆ ಹಚ್ಚಿಕೊಂಡು ದಿನ ದೂಡುವ ಮನೆಗಳಲ್ಲಿ ಮಕ್ಕಳ ತಾಟಿಗಾದರೂ ಒಂದು ಸೌಟು ಕಾಳು ಬೀಳಲಿ.

ಪ್ರಶ್ನೆ: ಡಿಸೆಂಬರ್ ಬಂದರೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗುತ್ತದೆ, ಪಕ್ಕದಲ್ಲಿಟ್ಟ ಕುಸುಬಿ ಎಣ್ಣೆಗೆ ಏನೂ ಆಗುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಮೇಣ ಬೆರೆಸುತ್ತಾರಾ?
(ಓದುಗರು, ಧಾರವಾಡ)

ಉತ್ತರ: ಹೆಪ್ಪುಗಟ್ಟಿತು ಅಂತ ಕಲಬೆರಕೆ ಅನ್ನಬೇಡಿ. ಶುದ್ಧ ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟಲೇಬೇಕು, ಧಾರವಾಡದ ಚಳಿಗಾಲದ ಬೆಳಗು ಅದಕ್ಕಿಂತ ತಣ್ಣಗೇ ಇರುತ್ತದೆ.

ಕೊಬ್ಬಿನ ಆಮ್ಲ ಅಂದರೆ ಇಂಗಾಲದ ಉದ್ದ ಬಾಲ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಬಾಲಗಳು ನೆಟ್ಟಗಿವೆ. ಸೀದಾ ಕಟ್ಟಿಗೆಗಳು ಒತ್ತಾಗಿ ಪೇರುತ್ತವೆ, ಹಾಗೇ ಇವೂ ಸ್ವಲ್ಪ ಚಳಿಯಾದರೂ ಒತ್ತಾಗಿ ಕೂತು ಗಟ್ಟಿಯಾಗುತ್ತವೆ. ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲೆಯಿಕ್ ಆಮ್ಲ, ಅದರ ಬಾಲ ಎರಡು ಕಡೆ ಸೊಟ್ಟ. ಜಾಲಿ ಕೊಂಬೆ ಪೇರಿದ ಹಾಗೆ, ನಡುವೆ ಸಂದಿ ಉಳಿಯುತ್ತದೆ, ಹರಿಯುತ್ತಲೇ ಇರುತ್ತದೆ. ಆದರೆ ಆ ಸೊಟ್ಟ ಜಾಗಕ್ಕೇ ಗಾಳಿಯ ಆಮ್ಲಜನಕ ಬಂದು ಹತ್ತುತ್ತದೆ, ಅದಕ್ಕೆ ಕುಸುಬಿ ಎಣ್ಣೆ ಬೇಗ ಕಮಟು ಬರುತ್ತದೆ. ವರ್ಷಕ್ಕಾಗುವಷ್ಟು ಗಾಣದಿಂದ ತಂದಿಡಬೇಡಿ.

ಪ್ರಶ್ನೆ: ಯೂರಿಯಾ ರಾಸಾಯನಿಕ, ಗೋಮೂತ್ರ ಸಾವಯವ ಅಂತ ನಾನು. ಗೋಮೂತ್ರದಲ್ಲೂ ಯೂರಿಯಾ ಇದೆ ಅಂತ ಬಿಎಸ್ಸಿ ಓದುವ ಮಗ. ಮನೆಯಲ್ಲಿ ದಿನಾ ಜಗಳ. ಯಾರು ಸರಿ?
(ಕೃಷಿಕರು, ಹಾವೇರಿ ಜಿಲ್ಲೆ)

ಉತ್ತರ: ಮಗ ಸರಿ. ನೀವೂ ಪೂರ್ತಿ ತಪ್ಪಿಲ್ಲ. ಜಗಳ ಹಚ್ಚಿದ್ದು "ಸಾವಯವ" ಅನ್ನುವ ಶಬ್ದ, ಅದಕ್ಕೆ ಎರಡು ಅರ್ಥ ಇವೆ. ಹೊಲದಲ್ಲಿ ಸಾವಯವ ಅಂದರೆ ಕಾರ್ಖಾನೆ ಗೊಬ್ಬರ, ಔಷಧ ಇಲ್ಲದ್ದು. ಕಾಲೇಜಿನಲ್ಲಿ ಸಾವಯವ ರಸಾಯನಶಾಸ್ತ್ರ ಅಂದರೆ ಇಂಗಾಲದ ಸಂಯುಕ್ತಗಳ ಪಾಠ. ಆ ಲೆಕ್ಕಕ್ಕೆ ನಿಮ್ಮ 45 ಕಿಲೋ ಚೀಲದ ಯೂರಿಯಾ ಕೂಡ ಸಾವಯವವೇ, ಕೇಳಲು ವಿಚಿತ್ರ ಅನಿಸಿದರೂ.

ಇದರ ಹಿಂದೆ ಒಂದು ಕಥೆ ಇದೆ. ಎರಡು ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ಪಂಡಿತರೂ ನೀವು ಹೇಳಿದ್ದನ್ನೇ ಹೇಳುತ್ತಿದ್ದರು. ಜೀವಿಗಳ ಮೈಯಲ್ಲಿ ಆಗುವ ವಸ್ತುವಿಗೆ ಏನೋ ಜೀವಶಕ್ತಿ ಬೇಕು, ಅದನ್ನು ಗಾಜಿನ ಬಟ್ಟಲಲ್ಲಿ ಮಾಡಲಾಗದು ಅಂತ. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಬೇರೇನೋ ಮಾಡಲು ಹೋಗಿ, ಅಮೋನಿಯಂ ಸಯನೇಟ್ ಎಂಬ ಲವಣದಿಂದ ಬಿಳಿ ಹರಳು ಪಡೆದ. ಪರೀಕ್ಷಿಸಿದರೆ ಯೂರಿಯಾ, ಮೂತ್ರದಿಂದ ತೆಗೆದದ್ದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ತನ್ನ ಗುರು ಬರ್ಜೀಲಿಯಸ್‌ಗೆ ಕಾಗದ ಬರೆದು, ಮನುಷ್ಯನದಾಗಲಿ ನಾಯಿಯದಾಗಲಿ ಕಿಡ್ನಿ ಬೇಡ, ನಾನೇ ಯೂರಿಯಾ ಮಾಡಬಲ್ಲೆ ಅಂತ ಹೇಳಿಕೊಂಡ. ಆ ಹಳೆಯ ನಂಬಿಕೆ ಒಂದೇ ದಿನದಲ್ಲಿ ಬಿದ್ದುಹೋಗಲಿಲ್ಲ, ಆದರೆ ಬಿರುಕು ಬಿಟ್ಟದ್ದು ಹೀಗೆ.

ನಿಮ್ಮ ಮೈಯಲ್ಲೂ ಯೂರಿಯಾ ತಯಾರಾಗುತ್ತದೆ. ಪ್ರೋಟೀನ್ ಒಡೆದಾಗ ಹುಟ್ಟುವ ಅಮೋನಿಯಾ ವಿಷ, ಯಕೃತ್ತು ಅದನ್ನು ಯೂರಿಯಾ ಮಾಡಿ ಸಾಗಹಾಕುತ್ತದೆ, ದಿನಕ್ಕೆ 20ರಿಂದ 30 ಗ್ರಾಂ. ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದರೆ ಮೂಗಿಗೆ ಚುಳ್ ಅಂತ ಹೊಡೆಯುತ್ತದಲ್ಲ, ಅದು ಗಂಜಲದ ಯೂರಿಯಾವನ್ನು ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಮತ್ತೆ ಅಮೋನಿಯಾ ಮಾಡಿದ ವಾಸನೆ. ಹೊಲಕ್ಕೆ ಯೂರಿಯಾ ಚೆಲ್ಲಿದಾಗಲೂ ಮಣ್ಣಿನಲ್ಲಿ ನಡೆಯುವುದು ಇದೇ. ಕಿಣ್ವ ಅಂದರೆ ಪ್ರೋಟೀನ್ ಅಂತ ಮೊದಲು ತೋರಿಸಿಕೊಟ್ಟದ್ದೂ ಈ ಯೂರಿಯೇಸೇ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಜಾಕ್ ಬೀನ್ ಎಂಬ ಕಾಳಿನಿಂದ ಅದನ್ನು ಹರಳಾಗಿ ತೆಗೆದ.

ಇನ್ನು ನೀವು ಸರಿ ಇರುವ ಜಾಗ. ಅಣು ಒಂದೇ ಆದರೂ ಚೀಲ ಬೇರೆ, ಗಂಜಲ ಬೇರೆ. ಚೀಲದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಬೇರೆ ಪೋಷಕಾಂಶ ಏನೂ ಇಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಕಡಿಮೆ, ಆದರೆ ಮಣ್ಣಿನ ಹುಳಹುಪ್ಪಟೆಗೆ ಊಟವಾಗುವ ನಾರು, ರಂಜಕ, ಪೊಟ್ಯಾಷ್ ಎಲ್ಲ ಇದೆ. ಎರಿ ಹೊಲಕ್ಕೆ ಎರಡೂ ಬೇಕು ಅನ್ನುವವನು ನಾನು. ಅಂಗಡಿಯಲ್ಲಿ "ರಾಸಾಯನಿಕವೇ ಇಲ್ಲ" ಅಂತ ಬರೆದ ಬೆಲ್ಲ ಕಂಡರೆ ಮಾತ್ರ ನಗು ಬರುತ್ತದೆ. ಬೆಲ್ಲವೇ ರಾಸಾಯನಿಕ, ಅದನ್ನೂ ತೆಗೆದರೆ ಪೊಟ್ಟಣ ಉಳಿಯುತ್ತದೆ.

ಪ್ರಶ್ನೆ: ಅಪ್ಪನ ರಿಪೋರ್ಟಿನಲ್ಲಿ ಯೂರಿಕ್ ಆಮ್ಲ ಜಾಸ್ತಿ ಬಂದಿದೆ. ಪ್ರೋಟೀನಿನಿಂದ ಬರುತ್ತದೆ ಅಂತ ಬೇಳೆ, ಕಾಳು ಎಲ್ಲ ನಿಲ್ಲಿಸಿದ್ದೇವೆ. ಸರಿಯಾ?
(ಓದುಗರು, ಹುಬ್ಬಳ್ಳಿ)

ಉತ್ತರ: ಔಷಧ, ಪಥ್ಯ ಡಾಕ್ಟರ್ ಹೇಳಿದ ಹಾಗೆ ಇರಲಿ. ಅಣುವಿನ ಕಥೆ ಮಾತ್ರ ನಾನು ಹೇಳಬಲ್ಲೆ, ಅದರಲ್ಲಿ ಒಂದು ಹೆಸರು ಅದಲುಬದಲಾಗಿದೆ. ಪ್ರೋಟೀನ್ ಒಡೆದರೆ ಯೂರಿಯಾ. ಯೂರಿಕ್ ಆಮ್ಲ ಬರುವುದು ಮುಖ್ಯವಾಗಿ ಡಿಎನ್‌ಎ, ಆರ್‌ಎನ್‌ಎ ಎಂಬ ನ್ಯೂಕ್ಲಿಕ್ ಆಮ್ಲಗಳು ಒಡೆದಾಗ. ಅವುಗಳ ನಾಲ್ಕು ಅಕ್ಷರಗಳಲ್ಲಿ ಎರಡು, ಅಡೆನಿನ್ ಮತ್ತು ಗ್ವಾನಿನ್, ಪ್ಯೂರಿನ್ ಎಂಬ ಗುಂಪಿನವು. ಅವು ಸವೆದರೆ ಉಳಿಯುವ ಬೂದಿ ಯೂರಿಕ್ ಆಮ್ಲ. ಹೆಚ್ಚಿನ ಪ್ರಾಣಿಗಳಲ್ಲಿ ಆ ಬೂದಿಯನ್ನೂ ಕರಗಿಸುವ ಕಿಣ್ವ ಇದೆ, ನಮ್ಮಲ್ಲಿ ಕೆಲಸ ಮಾಡುವುದಿಲ್ಲ. ಅದಕ್ಕೇ ನಮಗೆ ಕಾಲಿನ ಹೆಬ್ಬೆರಳಿನ ಕೀಲಿನಲ್ಲಿ ಸೂಜಿ ಚುಚ್ಚಿದಂಥ ನೋವು.

ಅದರಲ್ಲೂ ಮೂರರಲ್ಲಿ ಎರಡು ಪಾಲು ನಮ್ಮದೇ ಜೀವಕೋಶಗಳು ಸವೆದು ಬಂದದ್ದು, ಊಟದಿಂದ ಬರುವುದು ಉಳಿದ ಒಂದು ಪಾಲು. ಊಟದಲ್ಲಿ ಜಾಸ್ತಿ ಏರಿಸುವುದು ಕುರಿಯ ಯಕೃತ್ತು, ಕಿಡ್ನಿ, ಕೆಲವು ಮೀನು, ಬಿಯರ್, ಸಕ್ಕರೆ ತುಂಬಿದ ಬಾಟಲಿ ಪಾನೀಯ. ಬೇಳೆಕಾಳಿನಲ್ಲೂ ಪ್ಯೂರಿನ್ ಇದೆ ನಿಜ, ಆದರೆ ಮಾಂಸದ ಪ್ಯೂರಿನ್‌ನಷ್ಟು ಕೀಲುನೋವಿಗೆ ಅದು ಕಾರಣವಾಗುವುದು ಕಂಡುಬಂದಿಲ್ಲ. ತೊಗರಿಬೇಳೆ ಪೂರ್ತಿ ನಿಲ್ಲಿಸುವ ಮೊದಲು ಒಮ್ಮೆ ಡಾಕ್ಟರನ್ನೇ ಕೇಳಿ. ಮುಪ್ಪಿನಲ್ಲಿ ಪ್ರೋಟೀನ್ ಕಡಿಮೆಯಾದರೆ ಸ್ನಾಯು ಬೇಗ ಕರಗುತ್ತದೆ.

ಪ್ರಶ್ನೆ: ಹಾಲು ಬಿಳಿ, ಸಕ್ಕರೆ ಬಿಳಿ, ಧಾರವಾಡ ಪೇಡಾ ಯಾಕೆ ಕಂದು? ಬಣ್ಣ ಹಾಕುತ್ತಾರಾ?
(ಓದುಗರು, ಶಿಗ್ಗಾವಿ)

ಉತ್ತರ: ಬಣ್ಣ ಬೇಕಿಲ್ಲ, ತಾಳ್ಮೆ ಇದ್ದರೆ ಸಾಕು. ಖೋವಾವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕೈಬಿಡದೆ ಹುರಿದರೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಮತ್ತು ಹಾಲಿನ ಪ್ರೋಟೀನಿನ ಅಮೈನೊ ಆಮ್ಲಗಳು ಕೂಡಿಕೊಂಡು ನೂರಾರು ಹೊಸ ಅಣುಗಳಾಗುತ್ತವೆ. ಬಣ್ಣವೂ ಅದೇ, ಆ ಸುಟ್ಟ ಘಮವೂ ಅದೇ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮಿಲ್ ಮೇಯಾರ್ ಹೆಸರಿನಲ್ಲಿ ಮೇಯಾರ್ ಕ್ರಿಯೆ ಅನ್ನುತ್ತಾರೆ. ರೊಟ್ಟಿಯ ಮೇಲಿನ ಕಂದು ಚುಕ್ಕೆಯಲ್ಲೂ ಅದೇ ಇದೆ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಅಷ್ಟು ಕೆಂಪಗಿದ್ದರೂ ಖಾರ ಕಡಿಮೆ ಯಾಕೆ?
(ಓದುಗರು, ಗದಗ)

ಉತ್ತರ: ಕೆಂಪು ಒಬ್ಬನ ಕೆಲಸ, ಖಾರ ಇನ್ನೊಬ್ಬನದು. ಬಣ್ಣ ಕೊಡುವುದು ಕ್ಯಾಪ್ಸಾಂಥಿನ್, ಉರಿ ಕೊಡುವುದು ಕ್ಯಾಪ್ಸೈಸಿನ್. ಬ್ಯಾಡಗಿಯಲ್ಲಿ ಮೊದಲನೆಯದು ಧಾರಾಳ, ಎರಡನೆಯದಕ್ಕೆ ಜಿಪುಣತನ. ಎರಡೂ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತವೆ. ಹಾಗಾಗಿ ಒಗ್ಗರಣೆಗೆ ಬಿದ್ದ ಕೂಡಲೇ ಎಣ್ಣೆ ಕೆಂಪಾಗುತ್ತದೆ, ಹಾಗಾಗಿಯೇ ಬಾಯಿ ಉರಿದಾಗ ಚರಿಗೆ ನೀರು ಕುಡಿದರೂ ಉರಿ ಇಳಿಯುವುದಿಲ್ಲ. ಒಂದು ಚಮಚ ಗಟ್ಟಿ ಮೊಸರು ಸಾಕು.

ಪ್ರಶ್ನೆ: ಡಿಎನ್‌ಎ ಕಣ್ಣಿಗೆ ಕಾಣುತ್ತದಾ? ನಮ್ಮ ಸರ್ ಕಾಣುವುದಿಲ್ಲ ಅಂದರು.
(ಎಂಟನೇ ತರಗತಿ ಹುಡುಗ, ರಾಣೆಬೆನ್ನೂರು)

ಉತ್ತರ: ನಿಮ್ಮ ಸರ್ ಹೇಳಿದ್ದು ಸರಿ ತಮ್ಮಾ, ಒಂದು ಎಳೆ ಕಾಣುವುದಿಲ್ಲ. ನಿನ್ನ ಒಂದು ಜೀವಕೋಶದ ಡಿಎನ್‌ಎ ಬಿಚ್ಚಿ ಹಿಡಿದರೆ ಸುಮಾರು 2 ಮೀಟರ್ ಉದ್ದ, ಆದರೆ ಅಷ್ಟು ತೆಳು ಎಳೆಯನ್ನು ಯಾವ ಕಣ್ಣೂ ಹಿಡಿಯದು. ಕೋಟಿಗಟ್ಟಲೆ ಎಳೆ ಒಟ್ಟಿಗೆ ಸಿಕ್ಕಾದರೆ ಕಾಣುತ್ತದೆ, ಅದನ್ನು ಅಡುಗೆಮನೆಯಲ್ಲೇ ಮಾಡಬಹುದು.

ಅರ್ಧ ಉಳ್ಳಾಗಡ್ಡಿ ಸಣ್ಣಗೆ ಜಜ್ಜು. ಅರ್ಧ ಲೋಟ ನೀರಿಗೆ ಒಂದು ಚಿಟಿಕೆ ಉಪ್ಪು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೆಲ್ಲಗೆ ತಿರುವು, ನೊರೆ ಬರಬಾರದು. ಅದಕ್ಕೆ ಉಳ್ಳಾಗಡ್ಡಿ ಹಾಕಿ ಹತ್ತು ನಿಮಿಷ ಬಿಡು. ಜೀವಕೋಶದ ಪೊರೆ ಕೊಬ್ಬಿನದು ಅಂತ ಮೇಲೆ ಹೇಳಿದೆನಲ್ಲ, ಎಣ್ಣೆ ಜಿಡ್ಡು ತೆಗೆಯುವ ಸಾಬೂನು ಅದನ್ನೂ ಕರಗಿಸುತ್ತದೆ, ಒಳಗಿನದು ಹೊರಗೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸು. ಸೋಸಿದ ನೀರಿನ ಲೋಟವನ್ನು ಓರೆ ಮಾಡಿ, ಔಷಧ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ತಣ್ಣಗೆ ಮಾಡಿದ್ದನ್ನು ಅಂಚಿನಿಂದ ಹನಿಹನಿಯಾಗಿ ಇಳಿಬಿಡು. ಸ್ಪಿರಿಟ್ ಮೇಲೆ ನಿಲ್ಲಬೇಕು. ಐದು ನಿಮಿಷದಲ್ಲಿ ನಡುವಿನಲ್ಲಿ ಬಿಳಿ ಎಳೆಗಳು ಮೋಡದ ಹಾಗೆ ಎದ್ದು ಬರುತ್ತವೆ. ಅದರಲ್ಲಿ ಡಿಎನ್‌ಎ ಜೊತೆ ಒಂದಷ್ಟು ಪ್ರೋಟೀನ್, ಬೇರೆ ಅಂಟೂ ಇರುತ್ತದೆ, ಶುದ್ಧ ಮಾಲು ಅಂತ ಯಾರಿಗೂ ಹೇಳಬೇಡ. ಮೊಟ್ಟಮೊದಲು 1869ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಫ್ರೆಡ್ರಿಕ್ ಮೀಷರ್ ಕಂಡದ್ದೂ ಇಂಥದ್ದೇ ಬೆರಕೆ. ಅವನು ಉಳ್ಳಾಗಡ್ಡಿ ಜಜ್ಜಲಿಲ್ಲ, ಆಸ್ಪತ್ರೆಯ ಹಳೆ ಬ್ಯಾಂಡೇಜಿನ ಕೀವಿನಿಂದ ತೆಗೆದ. ನಿನ್ನದು ಎಷ್ಟೋ ಸ್ವಚ್ಛ ಕೆಲಸ.

ನಾನು ಮೊದಲ ಸಲ ಮಾಡಿದಾಗ ಏನೂ ಬರಲಿಲ್ಲ. ಕರೆಂಟ್ ಹೋಗಿ ಫ್ರಿಜ್‌ನಲ್ಲಿಟ್ಟ ಸ್ಪಿರಿಟ್ ಬೆಚ್ಚಗಾಗಿತ್ತು, ಸಾಲದ್ದಕ್ಕೆ ಅವಸರದಲ್ಲಿ ಚಮಚ ಹಾಕಿ ಕಲಕಿಬಿಟ್ಟೆ. ನೀನು ಕಲಕಬೇಡ. ಸ್ಪಿರಿಟ್ ಬೆಂಕಿ ಹತ್ತುವ ವಸ್ತು, ಒಲೆ ಆರಿಸಿರಬೇಕು, ದೊಡ್ಡವರು ಒಬ್ಬರು ಪಕ್ಕದಲ್ಲಿರಬೇಕು. ಎಳೆಗಳನ್ನು ಊದಿನಕಡ್ಡಿಯ ಬರಿ ಕಡ್ಡಿಗೆ ಸುತ್ತಿ ಎತ್ತಿದರೆ ಸಿಂಬಳದ ಹಾಗೆ ಬರುತ್ತದೆ. ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಅದರಲ್ಲಿಟ್ಟು ನಿಮ್ಮ ಸರ್‌ಗೆ ತೋರಿಸು, ಬಾಟಲಿ ಮೇಲೆ ಚೀಟಿ ಅಂಟಿಸು. ನಮ್ಮ ಮನೆಯಲ್ಲಿ ಚೀಟಿ ಇಲ್ಲದ ಬಾಟಲಿಯನ್ನು ಹಳೆ ಕೆಮ್ಮಿನ ಔಷಧ ಅಂತ ತೊಳೆದಿಟ್ಟಿದ್ದರು.